ಜೋನಿ ಮನೆಯ ನೆಲ

ನಮ್ಮ ಮನೆಗೆ ಬಂದವರನ್ನು ಮೊದಲು ಹಿಡಿದುಕೊಳ್ಳುತ್ತಿದ್ದುದು ನೆಲ. ಹೊಸ್ತಿಲು ದಾಟಿ ಎರಡು ಹೆಜ್ಜೆ ಇಡುವಷ್ಟರಲ್ಲಿ ಅಂಗಾಲು ಕಲ್ಲಿಗೆ ಅಂಟುತ್ತಿತ್ತು. ಕಿತ್ತುಕೊಂಡೇ ಮೂರನೆಯ ಹೆಜ್ಜೆ ಇಡಬೇಕು. ನರಸಿಂಹರಾಜಪುರದ ಪೇಟೆಬೀದಿಯಲ್ಲಿ ಅಪ್ಪಯ್ಯ ಜೋನಿಬೆಲ್ಲದ ವ್ಯಾಪಾರ ಮಾಡುತ್ತಿದ್ದರು. ಅಚ್ಚಿಗೆ ಹೊಯ್ಯದೆ, ಇನ್ನೂ ಹರಿಯುವ ಹದದಲ್ಲಿರುವಾಗಲೇ ಡಬ್ಬಕ್ಕೆ ತುಂಬಿದ ಬೆಲ್ಲವೇ ಜೋನಿ. ಸುತ್ತಲ ಹಳ್ಳಿಗಳ ಆಲೆಮನೆಗಳಿಂದ ಗಾಡಿಗಳಲ್ಲಿ ಬರುತ್ತಿತ್ತು, ಹಳೆಯ ಸೀಮೆಎಣ್ಣೆ ಡಬ್ಬಗಳಲ್ಲಿ. ಬೇರೆ ಮಳಿಗೆ ಇರಲಿಲ್ಲ. ಪಡಸಾಲೆಯೇ ಮಳಿಗೆ, ಪಡಸಾಲೆಯೇ ಅಂಗಡಿ, ನೆಂಟರು ಬಂದರೆ ಚಾಪೆ ಹಾಸುವುದೂ ಅಲ್ಲಿಯೇ. ಗೋಡೆಗೆ ಒತ್ತಿ ಎದೆಮಟ್ಟಕ್ಕೆ ಪೇರಿಸಿಟ್ಟ ಡಬ್ಬಗಳು ಬೇಸಿಗೆಯ ಸೆಕೆಗೆ ಉಬ್ಬಿ, ಮುಚ್ಚಳದ ಸಂದಿಯಿಂದ ಸಣ್ಣಗೆ ಒಸರುತ್ತಿದ್ದವು. ಹಾಸುಗಲ್ಲಿನ ನೆಲ, ಕಲ್ಲಿಗೂ ಕಲ್ಲಿಗೂ ನಡುವೆ ಬೆರಳು ತೂರುವಷ್ಟು ಬಿರುಕು. ಆ ಬಿರುಕುಗಳೆಲ್ಲ ನನಗೆ ಇವತ್ತಿಗೂ ಬಾಯಿಪಾಠ.

ಆಗ ಎರಡನೆಯ ಮಹಾಯುದ್ಧದ ಕಾಲ. ಸಕ್ಕರೆ ಕಣ್ಣಿಗೆ ಬೀಳುತ್ತಿರಲಿಲ್ಲ, ಹಾಗಾಗಿ ಜೋನಿಗೆ ಗಿರಾಕಿ ಜಾಸ್ತಿ. ಗಿರಾಕಿ ಜಾಸ್ತಿಯಾದಷ್ಟೂ ನೆಲಕ್ಕೆ ಬೀಳುವ ಹನಿ ಜಾಸ್ತಿ. ಬಂದವರು ತಮ್ಮದೇ ಪಾತ್ರೆ ತರುತ್ತಿದ್ದರು. ಸೌಟಿನಿಂದ ಪಾತ್ರೆಗೆ ಬೀಳುವ ಜೋನಿಯ ದಾರವನ್ನು ಅಪ್ಪಯ್ಯ ಬೆರಳಿನಿಂದ ಕತ್ತರಿಸಿ, ಆ ಬೆರಳನ್ನು ಕಂಬಕ್ಕೆ ಒರೆಸುತ್ತಿದ್ದರು. ಗಿರಾಕಿ ಹೊಸ್ತಿಲವರೆಗೆ ಹನಿಸಿಕೊಂಡೇ ಹೋಗುತ್ತಿದ್ದ. ಬೆಲ್ಲವಿದ್ದಲ್ಲಿಗೆ ಇರುವೆ ತಾನಾಗಿ ಬರುತ್ತದೆ, ಯಾರೂ ಕಾಗದ ಬರೆದು ಕರೆಸಬೇಕಾಗಿಲ್ಲ. ಶಾಲೆಯಲ್ಲಿ ನಾನು ಬೆಂಚಿನ ಮೇಲೆ ಕೂರಲು ಹೋದರೆ ಪಕ್ಕದವಳು ಲಂಗ ಎಳೆದುಕೊಂಡು ಸರಿಯುತ್ತಿದ್ದಳು.

"ಜೋನಿ ಮನೆ ಕೂಸು ಬಂತು, ಅಂಟ್ತದೆ, ದೂರ ಕೂತ್ಕೊಳ್ರೇ!"

"ಅಂಟಿದ್ರೆ ನೆಕ್ಕು, ಪುಕ್ಕಟೆ ಬೆಲ್ಲ" ಎನ್ನುತ್ತಿದ್ದೆ ನಾನು. ಅಳುವ ಜಾತಿ ನನ್ನದಲ್ಲ, ಆಗಲೂ ಅಲ್ಲ.

ಈ ನೆಲವನ್ನು ದಿನಾ ತೊಳೆಯುತ್ತಿದ್ದವಳು ನೀಲತ್ತೆ, ಅಪ್ಪಯ್ಯನ ತಂಗಿ. ಬಾಳೆಹೊನ್ನೂರಿನ ಆಚೆಯ ಒಂದು ಹಳ್ಳಿಗೆ ಅವಳನ್ನು ಕೊಟ್ಟಿದ್ದರು. ಆರು ವರ್ಷ ಅಲ್ಲಿ ಬಾಳಿದಳು, ಮಕ್ಕಳಾಗಲಿಲ್ಲ, ಗಂಡ ರುದ್ರಪ್ಪ ಇನ್ನೊಬ್ಬಳನ್ನು ಕಟ್ಟಿಕೊಂಡ. ದೀಪಾವಳಿಗೆ ತವರಿಗೆ ಹೋಗಿ ಬಾ ಎಂದು ಗಾಡಿ ಹತ್ತಿಸಿದವನು ನಾಲ್ಕು ದೀಪಾವಳಿ ಕಳೆದರೂ ಕರೆಯಲು ಬರಲಿಲ್ಲ. ಅವಳ ಎಡಗೈಯ ಮೇಲೆ ಸೌಟಿನ ತಲೆಯಷ್ಟು ಅಗಲದ ಬರೆಯಿತ್ತು. ಒಮ್ಮೆ ಕೇಳಿದ್ದಕ್ಕೆ, "ಸಾರಿಗೆ ಉಪ್ಪು ಜಾಸ್ತಿ ಆಗಿತ್ತು" ಎಂದಷ್ಟೇ ಹೇಳಿ ನೆಲ ಉಜ್ಜುವುದನ್ನು ಮುಂದುವರಿಸಿದಳು. ತವರಿಗೆ ಬಂದು ಕೂತ ಹೆಣ್ಣಿಗೆ ನಮ್ಮ ಮನೆಯಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ಆದರೆ ಅವಳ ಮಾತಿಗೆ ಜಾಗ ಇರಲಿಲ್ಲ. ಪಡಸಾಲೆಯ ನೆಲ ತನ್ನದು ಎಂದು ಅವಳೇ ತೀರ್ಮಾನಿಸಿಕೊಂಡಿದ್ದಳು. ನಾನು ಹತ್ತು ತುಂಬುವ ಹೊತ್ತಿಗೆ ನನ್ನನ್ನೂ ಆ ಕೆಲಸಕ್ಕೆ ಸೇರಿಸಿಕೊಂಡಳು.

ಅಂಟಿದ ನೆಲ ತೊಳೆಯುವುದು ಬರಿಯ ಮೈಬಗ್ಗಿಸುವ ಕೆಲಸ ಎಂದುಕೊಂಡವರು ಜೋನಿಯನ್ನು ಕಂಡವರಲ್ಲ. ಒಣನೆಲದ ಮೇಲೆ ನೀರು ಸುರಿದರೆ ಜೋನಿ ಹೋಗುವುದಿಲ್ಲ, ಅಂಗೈಯಗಲ ಇದ್ದದ್ದು ಮೊರದಗಲ ಆಗುತ್ತದೆ, ಅಷ್ಟೆ. ಮೊದಲು ಒಲೆಯ ಬೂದಿಯನ್ನು ಜರಡಿ ಹಿಡಿದು ತಂದು ಹನಿಯ ಮೇಲೆ ಉದುರಿಸಬೇಕು. ಬೂದಿ ಅಂಟನ್ನು ಕುಡಿದು ಗಟ್ಟಿಯಾಗುವವರೆಗೆ ಸುಮ್ಮನಿರಬೇಕು. ಆಮೇಲೆ ತೆಂಗಿನ ಕರಟದ ಅಂಚಿನಿಂದ ಕೆರೆಯಬೇಕು, ಬಿರುಕಿನೊಳಗೆ ಕೂತದ್ದನ್ನು ಬಿದಿರುಕಡ್ಡಿಯಿಂದ ಎಬ್ಬಿಸಬೇಕು. ಬಚ್ಚಲ ಹಂಡೆಯ ಬಿಸಿನೀರಿನ ಸರದಿ ಬರುವುದು ಆಮೇಲೆ. ನಾರಿನಿಂದ ಉಜ್ಜಿ, ಪೊರಕೆಯಿಂದ ನೀರನ್ನು ತಳ್ಳಿ, ಕೊನೆಗೆ ಗೋಣಿಯಿಂದ ಒರೆಸಿದರೆ ನೆಲ ಬರಿಗಾಲಿಗೆ ತಣ್ಣಗೆ, ನುಣ್ಣಗೆ ಸಿಗುತ್ತಿತ್ತು. ಅರ್ಧ ಗಂಟೆ ಮಾತ್ರ. ಅಷ್ಟರಲ್ಲಿ ಮುಂದಿನ ಗಿರಾಕಿ ಬಂದು ಹನಿಸಿಕೊಂಡು ಹೋಗುತ್ತಿದ್ದ.

"ಬೂದಿ ಮೊದ್ಲು, ನೀರು ಆಮೇಲೆ" ಎಂದು ನೀಲತ್ತೆ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. "ಅವಸರ ಮಾಡಿದ್ರೆ ಹರಡ್ತದೆ ಮಾರಾಯ್ತಿ. ಅಂಟನ್ನ ಹೆದರಿಸೋಕಾಗಲ್ಲ, ಕಾದು ಕೀಳ್ಬೇಕು."

ಇದು ನೀಲತ್ತೆಯ ನಿಯಮ. ಇನ್ನೊಂದು ನಿಯಮ ಅಜ್ಜಿಯದು. ಅಜ್ಜಿ ಎಂದರೆ ಅಪ್ಪಯ್ಯನ ತಾಯಿ, ಹಾಗೆಯೇ ನೀಲತ್ತೆಯ ತಾಯಿ. ನಮ್ಮೂರನ್ನು ಸಾಯುವವರೆಗೂ ಎದೇಹಳ್ಳಿ ಎಂಬ ಹಳೆಯ ಹೆಸರಿನಿಂದಲೇ ಕರೆದವಳು. ಮನೆಯಿಂದ ಹೊರಟವರ ಬೆನ್ನಿಗೆ ನೆಲ ಗುಡಿಸಬಾರದು, ತೊಳೆಯಬಾರದು ಎಂದು ಅವಳ ಕಟ್ಟಪ್ಪಣೆ. ಹೆಣ ಹೊರಟ ಮೇಲೆ ತೊಳೆಯುವುದು ಹಾಗೆ. ಲಿಂಗ ಕಟ್ಟಿದ ನಮ್ಮ ಜನಕ್ಕೆ ಸೂತಕವಿಲ್ಲ ಎಂದು ಹಿರಿಯರು ಹೇಳುತ್ತಾರೆ. ಆದರೂ ಹೆಣ ಹೊಸ್ತಿಲು ದಾಟಿದ ತಕ್ಷಣ ನೀರು ಸುರಿದು ತೊಳೆಯುವುದನ್ನು ಯಾರ ಮನೆಯಲ್ಲೂ ಬಿಟ್ಟಿರಲಿಲ್ಲ. ಹೋದವನು ಇನ್ನು ತಿರುಗಿ ಬರುವುದು ಬೇಡ ಎಂದು ಅದರ ಅರ್ಥ. ಹಾಗಾಗಿ ಬದುಕಿದ್ದವರು ಹೊರಟಾಗ ಕಾಯಬೇಕಿತ್ತು. ನಡೆದು ಹೋಗುವವರಾದರೆ ಊರಾಚೆಯ ಹಳ್ಳ ದಾಟುವಷ್ಟು ಹೊತ್ತು. ಬಸ್ಸಿಗೆ ಹೋಗುವವರಾದರೆ, ಪೆಟ್ರೋಲ್ ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಕೆಮ್ಮುತ್ತಾ ಹೊರಟು ತಿರುವಿನಲ್ಲಿ ಹಾರ್ನ್ ಹೊಡೆಯುವವರೆಗೆ. ಕಣ್ಣೆದುರೇ ಜೋನಿ ಒಣಗುತ್ತಿರುತ್ತಿತ್ತು, ಇರುವೆ ಸಾಲು ಹಿಡಿಯುತ್ತಿತ್ತು, ನಾನು ಕರಟ ಹಿಡಿದು ಜಗುಲಿಯ ಮೇಲೆ ಕಿವಿ ನಿಮಿರಿಸಿ ಕೂತಿರುತ್ತಿದ್ದೆ. ಈ ನಿಯಮ ನನಗೆ ನನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತಿತ್ತು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ರುದ್ರಪ್ಪ ಮಾವ ಬಂದ. ಜೊತೆಗೆ ಅವನ ಚಿಕ್ಕಪ್ಪ, ಬೆಳ್ಳಿ ಕಟ್ಟಿದ ಊರುಗೋಲಿನ ಮುದುಕ. ನಾಲ್ಕು ವರ್ಷ ಇತ್ತ ತಲೆ ಹಾಕದವನಿಗೆ ನಮ್ಮ ಅವ್ವ ಕಾಲಿಗೆ ನೀರು ಕೊಟ್ಟಳು, ಕಡುಬು ಮಾಡಿದಳು, ಮೇಲೆ ಜೋನಿಯನ್ನೂ ತುಪ್ಪವನ್ನೂ ಧಾರಾಳವಾಗಿ ಬಡಿಸಿದಳು. ಎಂಟು ಕಡುಬು ತಿಂದ. ನಾನೇ ಎಣಿಸಿದ್ದೇನೆ. ಊಟವಾದ ಮೇಲೆ ಪಡಸಾಲೆಯ ಚಾಪೆಯ ಮೇಲೆ ಕೂತು, ಬೆರಳಿಗೆ ಅಂಟಿದ ಜೋನಿಯನ್ನು ಹಾಸುಗಲ್ಲಿಗೆ ಒರೆಸುತ್ತಾ ಮಾತು ತೆಗೆದ. ಆ ಬೆಳಿಗ್ಗೆಯಷ್ಟೇ ಅದೇ ಕಲ್ಲನ್ನು ನೀಲತ್ತೆ ಉಜ್ಜಿದ್ದಳು.

"ಮನೇಲಿ ಅವಳಿಗೆ ದಿನ ತುಂಬ್ತಾ ಬಂತು. ಅವ್ವ ಸೊಂಟ ಬಿದ್ದು ಹಾಸಿಗೆ ಹಿಡಿದಿದಾಳೆ. ನೆಲ ಸಾರಿಸೋಕೂ ಜನ ಇಲ್ಲ ಭಾವ. ನೀಲನ್ನ ಕಳಿಸಿಕೊಡಿ."

ಮುದುಕ ಊರುಗೋಲು ಕುಟ್ಟಿ ಮಾತು ಸೇರಿಸಿದ.

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಇನ್ನೆಂತ ಬೆಳೆಸೋದು."

ಬಾಗಿಲ ಹಿಂದೆ ನನ್ನ ಪಕ್ಕ ನಿಂತಿದ್ದ ನೀಲತ್ತೆ ಉಸಿರಿನಲ್ಲೇ ಹೇಳಿದಳು: "ನಾಲ್ಕು ವರ್ಷದಿಂದ ಉಣ್ತಾನೇ ಇದಾನೆ ಕಾಣ್ತದೆ."

ಅಪ್ಪಯ್ಯ ಕೆಟ್ಟವರಲ್ಲ. ಅವರನ್ನು ಕೆಟ್ಟವರು ಮಾಡಿ ನಾನು ದೊಡ್ಡವಳಾಗಬೇಕಾಗಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಮಾತನ್ನು ಬೀದಿಯವರ ಬಾಯಲ್ಲಿ ನಾಲ್ಕು ವರ್ಷ ಕೇಳಿ ಸುಸ್ತಾಗಿದ್ದರು. ಗಂಡನೇ ಬಂದು ಕರೆಯುತ್ತಿದ್ದಾನೆ, ಮರ್ಯಾದೆ ಉಳಿಯಿತು ಎಂದು ಅವರ ಮುಖ ಸಡಿಲವಾದದ್ದು ನನಗೆ ಬಾಗಿಲ ಸಂದಿಯಿಂದ ಕಾಣಿಸಿತು.

"ಸೋಮವಾರ ಒಳ್ಳೇ ದಿನ. ನಾನೇ ಕರ್ಕೊಂಡು ಬಂದು ಬಿಟ್ಟು ಹೋಗ್ತೀನಿ" ಎಂದರು.

ಅವಳನ್ನು ಯಾರೂ ಕೇಳಲಿಲ್ಲ. ಬಾಗಿಲಿಗೆ ಆನಿಸಿದ ಅವಳ ಎಡಗೈ ನನ್ನ ಕಣ್ಣಿನ ನೇರಕ್ಕೇ ಇತ್ತು, ಆ ಬರೆಯೂ ಇತ್ತು. ಅವಳು ತಿರುಗಿ ಬಚ್ಚಲಿಗೆ ಹೋದಳು. ನಾನೂ ಹಿಂದೆಯೇ ಹೋದೆ. ಹಂಡೆಯ ಉರಿಗೆ ಎರಡು ಸೌದೆ ಒಡ್ಡಿ, ನೆಲ ತೊಳೆಯುವ ಹೊತ್ತಾಯಿತೆಂಬಂತೆ ಒಂದೊಂದೇ ಬಿಂದಿಗೆಗೆ ಬಿಸಿನೀರು ತುಂಬಿಸಿಡತೊಡಗಿದಳು.

"ಅತ್ತೆ, ನೀನು ಹೋಗ್ತೀಯಾ?"

"ಕಳಿಸಿದ್ರೆ ಹೋಗ್ಬೇಕಲ್ಲ."

"ಹೋಗಲ್ಲ ಅನ್ನು."

"ಯಾರ ಹತ್ರ ಅನ್ಲಿ? ನಿಮ್ಮಪ್ಪನ ಕಿವಿ ಜೋನಿ ಡಬ್ಬ ಇದ್ದಂಗೆ. ಮುಚ್ಚಳ ಹಾಕಿದ್ಮೇಲೆ ಮುಗೀತು."

ನಗಲು ನೋಡಿದಳು, ಆಗಲಿಲ್ಲ. ಸೋಮವಾರಕ್ಕೆ ಮೂರೇ ದಿನ. ಅದಾದ ಮೇಲೆ ಅವಳು ಅವನ ಮನೆಯ ನೆಲ ಸಾರಿಸುತ್ತಾಳೆ, ಅವನ ಇನ್ನೊಬ್ಬ ಹೆಂಡತಿಯ ಬಾಣಂತನ ಮಾಡುತ್ತಾಳೆ, ಸಾರಿಗೆ ಉಪ್ಪು ಜಾಸ್ತಿಯಾದರೆ ಇನ್ನೊಂದು ಕೈ ಇದ್ದೇ ಇದೆ. ಹತ್ತು ವರ್ಷದವಳಿಗೆ ಇಷ್ಟು ಅರ್ಥವಾಗುತ್ತದೆಯೇ ಎಂದು ಕೇಳಬೇಡಿ. ಆಗುತ್ತದೆ.

ಹೊರಡುವಾಗ ಅಪ್ಪಯ್ಯ ರುದ್ರಪ್ಪನಿಗೆ ಒಂದು ಡಬ್ಬ ಜೋನಿ ಕೊಟ್ಟರು. ಅದರ ಮುಚ್ಚಳ ಸಡಿಲವಿತ್ತು. ಅವನು ಕೂತಿದ್ದ ಚಾಪೆಯಿಂದ ಹೊಸ್ತಿಲವರೆಗೆ ಜೋನಿಯ ಒಂದು ಕಂದು ಗೆರೆ ಎಳೆದುಕೊಂಡೇ ಹೋದ. ಜಗುಲಿ ಇಳಿದ. ಚಿಕ್ಕಪ್ಪ ಮುಂದೆ, ಅವನು ಹಿಂದೆ. ಬೀದಿಗೆ ನಾಲ್ಕು ಹೆಜ್ಜೆ ಇಟ್ಟಿದ್ದರು. ಬಸ್ಸು ಇನ್ನೂ ಹೊರಟಿರಲಿಲ್ಲ, ಹಾರ್ನ್ ಇನ್ನೂ ದೂರದ ಮಾತು. ನಾನು ಕಾಯಬೇಕಿತ್ತು. ಕಾಯಲಿಲ್ಲ. ಬಚ್ಚಲಿಂದ ಒಂದು ಬಿಂದಿಗೆಯನ್ನು ಎದೆಗವಚಿಕೊಂಡು ಓಡಿ ಬಂದು, ಅವನು ಕೂತಿದ್ದ ಜಾಗದಿಂದ ಹೊಸ್ತಿಲವರೆಗೆ ಒಂದೇ ಸಮ ಸುರಿದುಬಿಟ್ಟೆ. ನೀರು ಹೊಸ್ತಿಲು ಹಾರಿ, ಜಗುಲಿ ಇಳಿದು, ಬೀದಿಯ ಧೂಳಿನಲ್ಲಿ ಅವನ ಹಿಮ್ಮಡಿಯ ಕಡೆಗೆ ಹರಿಯಿತು.

ಅವನು ತಿರುಗಿ ನೋಡಿದ. ಎದುರು ಅಂಗಡಿಯವರು ತಕ್ಕಡಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು.

"ಎಂತ ಇದು? ನಾನೇನು ಹೆಣವಾ?"

ಅವ್ವ ಒಳಗಿನಿಂದಲೇ ಕೂಗಿದಳು. "ಅಯ್ಯೋ, ಕೂಸು! ಅದಕ್ಕೆಂತ ಗೊತ್ತು, ಜೋನಿ ಬಿದ್ದಿತ್ತು ಅಂತ ತೊಳೀತು!"

ಅಪ್ಪಯ್ಯ ನನ್ನ ರಟ್ಟೆ ಹಿಡಿದರು. ಅವರ ಕಣ್ಣಿನಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೇಡಿಕೊಳ್ಳುವಂಥದ್ದೇನೋ ಇತ್ತು. ಹೌದು ಎಂದುಬಿಡು, ಗೊತ್ತಿರಲಿಲ್ಲ ಎಂದುಬಿಡು ಎಂಬಂತೆ.

"ಗೊತ್ತಿಲ್ದೆ ಮಾಡ್ದೆ, ಹೌದೇನೇ?"

"ಗೊತ್ತಿತ್ತು" ಎಂದೆ.

ಕೆನ್ನೆಗೆ ಬಿತ್ತು. ಅಪ್ಪಯ್ಯ ನನಗೆ ಹೊಡೆದದ್ದು ಜೀವಮಾನದಲ್ಲಿ ಅದೊಂದೇ ಸಲ. ನಾನು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ.

ಮುದುಕ ಜಾಣ. ಬೀದಿ ನೋಡುತ್ತಿದೆ, ಮಾತು ಬೆಳೆದರೆ ಕಷ್ಟ ಎಂದು ಅವನಿಗೆ ಗೊತ್ತಾಯಿತು. ಮಗುವಿನ ಮಾತು ಹಿಡಿಯಬಾರದು ಎಂದ. ರುದ್ರಪ್ಪ ತಿರುಗಿ ಒಳಗೆ ಬಂದು ಒಂದು ಗಳಿಗೆ ಕೂತು, ಹೆಂಡತಿಯ ಕೈಯಿಂದ ಒಂದು ಲೋಟ ನೀರು ಕುಡಿದು ಹೊಸದಾಗಿ ಹೊರಟರೆ ದೋಷವೆಲ್ಲ ಹೋಯಿತು ಎಂದ. ಇದೂ ನಮ್ಮ ಕಡೆಯ ರೂಢಿಯೇ, ಅಪಶಕುನವಾದರೆ ಕೂತು ಎದ್ದು ಹೋಗುವುದು. ಅಪ್ಪಯ್ಯನಿಗೆ ಹೋದ ಜೀವ ಬಂತು. ಒಳಗೆ ತಿರುಗಿ ಕೂಗಿದರು.

"ನೀಲಾ, ನೀರು ತಾ."

ನೀಲತ್ತೆ ನೀರು ತಂದಳು. ಲೋಟದಲ್ಲಲ್ಲ, ಬಿಂದಿಗೆಯಲ್ಲಿ. ಇನ್ನೊಂದು ಕೈಯಲ್ಲಿ ಬೂದಿ ತುಂಬಿದ ಮೊರ, ಅದರ ಮೇಲೆ ಕರಟ, ಕಂಕುಳಲ್ಲಿ ಪೊರಕೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಗಂಡನ ಕಡೆ ನೋಡಲಿಲ್ಲ, ಅಣ್ಣನ ಕಡೆಯೂ ನೋಡಲಿಲ್ಲ. ನಾನು ಸುರಿದ ನೀರಿಗೆ ಜೋನಿ ಅರ್ಧ ಪಡಸಾಲೆಗೆ ಹರಡಿ ಹೊಳೆಯುತ್ತಿತ್ತು. ಅದನ್ನು ನೋಡಿ ತಲೆ ಆಡಿಸಿದಳು.

"ಬೂದಿ ಹಾಕ್ದೆ ನೀರು ಹಾಕಿದ್ಯಲ್ಲೇ ಗಿರ್ಜಿ. ಎಷ್ಟು ಸಲ ಹೇಳಿದೀನಿ."

ಬೀದಿಗೆ ಬೀದಿಯೇ ನೋಡುತ್ತಿರುವಾಗ ಹೊಸ್ತಿಲಿಗೆ ಅಡ್ಡ ಕೂತಳು. ಕೈ ತುಂಬ ಬೂದಿ ತೆಗೆದು ಹರಡಿದಳು. ಕಾದಳು. ದಿನಾ ಕಾಯುವಷ್ಟೇ ಹೊತ್ತು, ಒಂದು ಉಸಿರು ಕಡಿಮೆಯಿಲ್ಲ. ಆಮೇಲೆ ಕರಟ ತೆಗೆದು ಕೆರೆಯತೊಡಗಿದಳು. ಕಲ್ಲಿನ ಮೇಲೆ ಕರಟದ ಕರಕರ ಬೀದಿಗೂ ಕೇಳಿಸುತ್ತಿತ್ತು. ರುದ್ರಪ್ಪ ಜಗುಲಿಯ ಮೆಟ್ಟಿಲಿಗೆ ಒಂದು ಕಾಲಿಟ್ಟ. ಒಳಗೆ ಬರಬೇಕಾದರೆ ಅವಳನ್ನು ದಾಟಿಯೇ ಬರಬೇಕಿತ್ತು.

"ನೆಲ ಹಸಿ ಇದೆ" ಎಂದಳು ಅವಳು, ತಲೆ ಎತ್ತದೆ. "ಒಣಗೋ ತನಕ ಯಾರೂ ಒಳಗೆ ಬರೋ ಹಾಗಿಲ್ಲ."

"ಏಯ್, ಗಂಡ ನಿಂತಿದೀನಿ ಇಲ್ಲಿ."

"ನಿಂತ್ಕೊಳ್ಳಿ. ನಾಲ್ಕು ವರ್ಷ ನಾನೂ ನಿಂತಿದ್ದೆ."

ಬಿಂದಿಗೆಯ ನೀರು ಸುರಿದು ಪೊರಕೆಯಿಂದ ಹೊರಕ್ಕೆ ತಳ್ಳಿದಳು. ಬೂದಿ ಬಣ್ಣದ ನೀರು ಅವನು ಕಾಲಿಟ್ಟ ಮೆಟ್ಟಿಲ ಮೇಲೆ ಇಳಿಯಿತು. ಅವನು ಕಾಲು ತೆಗೆದ. ಆಗ ನೀಲತ್ತೆಯ ಬಿಂದಿಗೆ ಖಾಲಿಯಾಗಿತ್ತು. ಅಪ್ಪಯ್ಯ ಅವಳ ಹೆಸರು ಹಿಡಿದು ಎರಡು ಸಲ ಕೂಗಿದರು. ಅಷ್ಟರಲ್ಲಿ ಒಳಗಿನಿಂದ ಅಜ್ಜಿ ಬಂದಳು. ಹೊರಟವರ ಬೆನ್ನಿಗೆ ಒಂದು ಹಿಡಿ ಕಸವನ್ನೂ ಗುಡಿಸಲು ಬಿಡದಿದ್ದ ಅಜ್ಜಿ, ಬೆನ್ನು ಬಗ್ಗಿದ ಅಜ್ಜಿ, ಎರಡೂ ಕೈಯಲ್ಲಿ ಒಂದು ತುಂಬಿದ ಬಿಂದಿಗೆಯನ್ನು ತುಳುಕಿಸಿಕೊಂಡು ತಂದು ಮಗಳ ಪಕ್ಕದಲ್ಲಿಟ್ಟಳು. ಸೊಂಟ ಹಿಡಿದು ನಿಂತು, ಅಳಿಯನ ಮುಖವನ್ನು ನೇರವಾಗಿ ನೋಡಿದಳು.

ನೀಲತ್ತೆ ಆ ಮೂರನೆಯ ಬಿಂದಿಗೆಯನ್ನೂ ಸುರಿದಳು. ನೆಲ ಒಣಗಲೇ ಇಲ್ಲ. ಬೀದಿಯ ಆ ತುದಿಯಿಂದ ಬಸ್ಸಿನವನು ಕೂಗುತ್ತಿದ್ದ. ಆ ಬಸ್ಸು ತಪ್ಪಿದರೆ ಮಾರನೆಯ ದಿನವೇ. ಮುದುಕ ರುದ್ರಪ್ಪನ ತೋಳು ಎಳೆದ. ಬದುಕಿರುವಾಗಲೇ ಹೆಂಡತಿ, ಅತ್ತೆ ಇಬ್ಬರೂ ಸೇರಿ ನೆಲ ತೊಳೆದರು ಎಂಬ ಸುದ್ದಿ ಅವನಿಗಿಂತ ಮೊದಲೇ ಬಸ್ಸು ಹತ್ತಿತ್ತು. ಅಂಥವಳನ್ನು ಮನೆ ತುಂಬಿಸಿಕೊಳ್ಳುವ ಧೈರ್ಯ ಅವನಿಗಿರಲಿಲ್ಲ. ಡಬ್ಬವನ್ನು ಜಗುಲಿಯ ಮೇಲೇ ಬಿಟ್ಟು ಹೋದ. ತಿರುವಿನಲ್ಲಿ ಹಾರ್ನ್ ಕೇಳಿಸಿದಾಗ ನೀಲತ್ತೆ ಗೋಣಿಯಿಂದ ನೆಲ ಒರೆಸುತ್ತಿದ್ದಳು. ಕೈ ನಿಲ್ಲಿಸಿ, ನನ್ನ ಕೆನ್ನೆಯ ಮೇಲೆ ತನ್ನ ಬಿಸಿನೀರಿನ ಅಂಗೈಯಿಟ್ಟಳು. ಆಗ ಮಾತ್ರ ನನಗೆ ಅಳು ಬಂತು.

ಸೋಮವಾರ ಬಂತು, ಹೋಯಿತು. ಅಪ್ಪಯ್ಯ ತಂಗಿಯ ಜೊತೆ ಆಲೆಮನೆಗಳ ಮುಂದಿನ ಸುಗ್ಗಿಯವರೆಗೂ ಮಾತಾಡಲಿಲ್ಲ. ನನಗೆ ಶಿಕ್ಷೆಯೆಂದು ಒಂದು ವರ್ಷ ಪಡಸಾಲೆಯ ನೆಲವನ್ನು ಒಬ್ಬಳೇ ತೊಳೆಯಬೇಕೆಂದರು. ಇದೊಂದು ಶಿಕ್ಷೆಯೇ? ಶಾಲೆಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಎರಡು ಸಲ, ಬೂದಿ ಹಾಕಿ, ಕಾದು, ಕೆರೆದು ತೊಳೆದೆ. ಅಪ್ಪಯ್ಯ ಅತ್ತ ತಿರುಗಿದಾಗಲೆಲ್ಲ ನೀಲತ್ತೆ ಬಂದು ಬಿರುಕುಗಳನ್ನು ಕಡ್ಡಿಯಿಂದ ಬಿಡಿಸಿ ಕೊಟ್ಟು ಹೋಗುತ್ತಿದ್ದಳು. ಅಪ್ಪಯ್ಯನಿಗೆ ಅದು ಕಾಣುತ್ತಿತ್ತು. ಕಂಡೂ ಅತ್ತ ತಿರುಗುತ್ತಿದ್ದರು ಎಂದು ನನಗೆ ಬಹಳ ವರ್ಷಗಳ ಮೇಲೆ ಹೊಳೆಯಿತು. ನನ್ನನ್ನು ನೋಡಲು ಗಂಡಿನ ಕಡೆಯವರು ಬರತೊಡಗಿದಾಗ, "ಗೊತ್ತಿಲ್ದೆ ತೊಳೆದೆ ಅನ್ನು, ಸಣ್ಣೋಳಿದ್ದೆ ಅನ್ನು" ಎಂದು ಅವ್ವ ಕಲಿಸಿ ಕೂರಿಸುತ್ತಿದ್ದಳು. ಕೇಳಿದವರಿಗೆಲ್ಲ ನಾನು ಗೊತ್ತಿದ್ದೇ ತೊಳೆದೆ ಎಂದೆ. ಎರಡು ಕಡೆಯವರು ತಿರುಗಿ ಬರಲಿಲ್ಲ. ಮೂರನೆಯ ಗಂಡಿನ ತಾಯಿ ಗಟ್ಟಿಯಾಗಿ ನಕ್ಕು, ಇನ್ನೊಂದು ಲೋಟ ಕಾಫಿ ಕೇಳಿದಳು. ಆ ಮನೆಗೇ ನಾನು ಸೊಸೆಯಾಗಿ ಹೋದೆ. ಇವತ್ತಿಗೂ ನಮ್ಮ ಕಡೆ ಈ ಕಥೆಯನ್ನು "ಪಾಪ, ಕೂಸಿಗೆ ಗೊತ್ತಿರಲಿಲ್ಲ" ಎಂದೇ ಹೇಳುತ್ತಾರೆ. ಅದಕ್ಕೇ ಇದನ್ನು ಬರೆದಿಟ್ಟೆ.

ನೀಲತ್ತೆ ಆ ಮನೆಯಲ್ಲೇ ಮುದುಕಿಯಾದಳು. ಅಪ್ಪಯ್ಯನ ನಂತರ ಜೋನಿ ವ್ಯಾಪಾರವನ್ನೂ ಅವಳೇ ನಡೆಸಿದಳು. ತೀರಿಕೊಂಡ ದಿನದ ಬೆಳಿಗ್ಗೆಯೂ ಯಾರಿಗೋ ಸೌಟಿನಲ್ಲಿ ಅಳೆದು ಕೊಟ್ಟಿದ್ದಳಂತೆ. ನಾನು ಬರುವಾಗ ಅವಳನ್ನು ಪಡಸಾಲೆಯಲ್ಲೇ ಕೂರಿಸಿದ್ದರು, ಡಬ್ಬಗಳ ಪಕ್ಕದಲ್ಲಿ. ಸಂಜೆಯ ಮುಂಚೆ, ಹೆಣವನ್ನು ಕೂರಿಸಿ ಹೊರುವ ವಿಮಾನ ಕಟ್ಟಿ ಎತ್ತಿದರು. ಹೊತ್ತವರ ಕಾಲುಗಳು ನೆಲಕ್ಕೆ ಅಂಟಿ ಕಿತ್ತುಬರುವ ಸದ್ದು ನನಗೆ ಕೇಳಿಸಿತು. ಹೊಸ್ತಿಲು ದಾಟಿದ್ದೇ ತಡ, ನೆರೆಯ ಹೆಂಗಸರು ಬಿಂದಿಗೆ ಎತ್ತಿಕೊಂಡು ಬಂದರು. ನಾನು ಬಾಗಿಲಿಗೆ ಅಡ್ಡ ಕೂತೆ.

"ತೊಳೀಬೇಕಲ್ಲೇ ಗಿರ್ಜಾ. ಪದ್ಧತಿ ಅಲ್ದಾ?"

"ಪದ್ಧತಿ ನಂಗೂ ಗೊತ್ತು. ಒಂದು ಹನಿ ಹಾಕೋ ಹಾಗಿಲ್ಲ."

ಹೊರಟವರು ಹಳ್ಳ ದಾಟುವವರೆಗೆ ಕಾಯಬೇಕು, ಬಸ್ಸಿನ ಹಾರ್ನ್ ಕೇಳುವವರೆಗೆ ಕಾಯಬೇಕು ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ಈ ದಾರಿಗೆ ಎಷ್ಟು ಹೊತ್ತು ಕಾಯಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮೂರು ದಿನ ಆ ನೆಲವನ್ನು ಯಾರಿಗೂ ಮುಟ್ಟಗೊಡಲಿಲ್ಲ. ಇರುವೆ ಬಂದವು, ಬರಲಿ ಎಂದೆ. ಬಂದವರು ಕಾಲು ಕಿತ್ತುಕೊಂಡು ಗೊಣಗಿದರು, ಗೊಣಗಲಿ ಎಂದೆ. ಕಲ್ಲಿನ ಮೇಲೆ, ಸೌಟು ನೇತುಹಾಕುವ ಕಂಬದ ಬುಡದಲ್ಲಿ, ಅವಳ ಬಲಗಾಲಿನ ಐದು ಬೆರಳೂ ಜೋನಿಯಲ್ಲಿ ಸ್ಪಷ್ಟವಾಗಿ ಮೂಡಿದ್ದವು. ನಾಲ್ಕನೆಯ ಬೆಳಿಗ್ಗೆ ಒಲೆಯಿಂದ ಬೂದಿ ತಂದು ಜರಡಿ ಹಿಡಿದೆ. ಆ ಹೆಜ್ಜೆಯೊಂದನ್ನು ಬಿಟ್ಟು ಮಿಕ್ಕ ನೆಲವನ್ನೆಲ್ಲ ತೊಳೆದೆ.